ಎಡಗೈ ಮೇಲಿನ ಆರೋಪ

ಕಾಲೇಜು ದಿನಗಳಲ್ಲಿ ಗಿಟಾರ್ ಹಿಡಿದು, ಆಮೇಲೆ ಊರಿಗೆ ಬಂದು ತೋಟ ನೋಡಿಕೊಂಡು ಉಳಿದವರ ಕೈಯಲ್ಲಿ ಆ ವಾದ್ಯ ಒಂದು ಹಂತಕ್ಕೆ ಬಂದು ನಿಂತುಬಿಡುತ್ತದೆ. ಜಿ, ಸಿ, ಡಿ, ಇ ಮೈನರ್, ಎ ಮೈನರ್ ಕಾರ್ಡ್‌ಗಳು, ಅಂದರೆ ಹಲವು ಸ್ವರಗಳನ್ನು ಒಟ್ಟಿಗೆ ನುಡಿಸುವ ಬೆರಳ ಹಿಡಿತಗಳು, ಕೈಗೆ ಕೂತಿರುತ್ತವೆ. ಬೇರೆ ಶ್ರುತಿ ಬೇಕಾದರೆ ಕುತ್ತಿಗೆಗೆ ಕೇಪೊ, ಅಂದರೆ ಎಲ್ಲ ತಂತಿಗಳನ್ನೂ ಒತ್ತಿಹಿಡಿಯುವ ಕ್ಲಿಪ್ಪು, ಹಾಕಿಕೊಂಡರಾಯಿತು. ತೋರುಬೆರಳನ್ನು ಆರೂ ತಂತಿಗಳ ಮೇಲೆ ಮಲಗಿಸಿ ಹಿಡಿಯಬೇಕಾದ ಎಫ್ ಕಾರ್ಡ್ ಬರುವ ಹಾಡುಗಳ ತಂಟೆಗೆ ಹೋಗದಿದ್ದರಾಯಿತು. ಇಷ್ಟರಲ್ಲೇ ಗಣೇಶೋತ್ಸವದ ಪೆಂಡಾಲು, ನೆಂಟರ ಮದುವೆಯ ಹಿಂದಿನ ರಾತ್ರಿ, ಹೊಸ ವರ್ಷದ ಕೂಟ ಎಲ್ಲವೂ ಸಾಗುತ್ತವೆ, ಚಪ್ಪಾಳೆಯೂ ಬೀಳುತ್ತದೆ. ನಾನೂ ಹಾಗೆ ಸಾಗಿದವನು. ಮೈಸೂರಿನ ಹಾಸ್ಟೆಲಿನಲ್ಲಿ ಗೆಳೆಯರಿಂದ ಕಲಿತದ್ದಕ್ಕೆ ಕೊಡಗಿನ ಅಮ್ಮತ್ತಿಯ ತೋಟದ ಮನೆಯಲ್ಲಿ ಹೊಸದಾಗಿ ಏನೂ ಸೇರಿರಲಿಲ್ಲ.

ನನ್ನ ಅಕ್ಕ ಭಾವಗೀತೆ ಹಾಡುತ್ತಾಳೆ. ಚೆನ್ನಾಗಿಯೇ ಹಾಡುತ್ತಾಳೆ. ಒಮ್ಮೆ ಅಭ್ಯಾಸದ ನಡುವೆ ಹಾಡು ನಿಲ್ಲಿಸಿ, "ನೀನು ಜೊತೆಗೆ ನುಡಿಸಿದರೆ ನನಗೆ ಉಸಿರು ತೆಗೆದುಕೊಳ್ಳಲು ಜಾಗವೇ ಸಿಗುವುದಿಲ್ಲ. ಒಂದು ಕಡೆ ತಡೆಯುತ್ತೀಯ, ಇನ್ನೊಂದು ಕಡೆ ಓಡುತ್ತೀಯ" ಎಂದಳು. ಕಾರ್ಡ್ ಬದಲಿಸುವಾಗ ಎಡಗೈ ಬೆರಳುಗಳು ತಡವಾಗಿ ತಲುಪುತ್ತವೆ, ಅದಕ್ಕೇ ಹೀಗೆ ಎಂದು ನಾನು ವಿವರಣೆ ಕೊಟ್ಟೆ. ಗಿಟಾರ್ ಹಿಡಿದವರು ಯಾರನ್ನು ಕೇಳಿದರೂ ಇದೇ ಉತ್ತರ ಬರುತ್ತದೆ: ಎಡಗೈ ನಿಧಾನ, ಎಡಗೈಗೆ ಶಕ್ತಿ ಸಾಲದು, ನನ್ನ ಬೆರಳುಗಳು ಗಿಡ್ಡ. ನಾನು ಪಾಠಕ್ಕೆ ಸೇರಿದ್ದೂ ಎಡಗೈಯನ್ನು ಚುರುಕುಗೊಳಿಸಲು. ಆದರೆ ಆಮೇಲೆ ನಡೆದ ರಿಪೇರಿಯಲ್ಲಿ ಎಡಗೈಯ ಪಾಲು ಬಹಳ ಕಡಿಮೆ.

ಮೇಷ್ಟ್ರು ವಿರಾಜಪೇಟೆಯವರು. ಚರ್ಚಿನ ಗಾಯನ ತಂಡಕ್ಕೆ ಬಹಳ ಕಾಲ ನುಡಿಸಿದ ಹಿರಿಯರು. ಈಗ ಮನೆಯ ಮುಂದಿನ ಕೋಣೆಯಲ್ಲಿ ಶಾಲಾ ಮಕ್ಕಳಿಗೆ ಪಾಠ ಹೇಳುತ್ತಾರೆ. ನನ್ನ ಪಾಠ ಮಧ್ಯಾಹ್ನದ ಊಟವಾದ ಕೂಡಲೇ. ಸಂಗೀತಕ್ಕೆ ಸಂಜೆಯೇ ಪ್ರಶಸ್ತ ಎನ್ನುವವರು ಅಮ್ಮತ್ತಿ, ಸಿದ್ದಾಪುರದ ಕಡೆ ಸ್ವಲ್ಪ ದಿನ ಇದ್ದು ನೋಡಬೇಕು. ಮಬ್ಬುಗತ್ತಲಾದ ಮೇಲೆ ತೋಟದ ದಾರಿಯಲ್ಲಿ ಆನೆ ಎದುರಾದರೆ ಬೆನ್ನಿಗೆ ಗಿಟಾರ್ ಕಟ್ಟಿಕೊಂಡು ಸ್ಕೂಟರ್ ತಿರುಗಿಸುವುದು ಸುಲಭವಲ್ಲ.

ಮೊದಲ ದಿನ ನುಡಿಸಿ ತೋರಿಸಲು ಒಂದು ಹಾಡನ್ನು ಸಿದ್ಧಮಾಡಿಕೊಂಡು ಹೋಗಿದ್ದೆ. ಅವರು ಅದನ್ನು ಕೇಳಲಿಲ್ಲ. ಗಿಟಾರ್ ತೆಗೆದುಕೊಂಡು, ಒಂದು ಕಣ್ಣು ಮುಚ್ಚಿ, ಕುತ್ತಿಗೆಯ ಉದ್ದಕ್ಕೂ ನೋಡಿದರು. ಆಮೇಲೆ ಉಕ್ಕಿನ ಅಳತೆಪಟ್ಟಿಯನ್ನು ಹನ್ನೆರಡನೆಯ ಫ್ರೆಟ್, ಅಂದರೆ ಕುತ್ತಿಗೆಗೆ ಅಡ್ಡಲಾಗಿ ಕೂರಿಸಿದ ಲೋಹದ ಪಟ್ಟಿಯ ಮೇಲೆ ನಿಲ್ಲಿಸಿ, ತಂತಿಗೂ ಫ್ರೆಟ್‌ಗೂ ನಡುವಿನ ಅಂತರ ಅಳೆದರು. ಉಕ್ಕಿನ ತಂತಿಯ ಗಿಟಾರಿನಲ್ಲಿ ಅಲ್ಲಿ ದಪ್ಪ ತಂತಿಯ ಕೆಳಗೆ ಸುಮಾರು 2.5 ಮಿಲಿಮೀಟರ್, ತೆಳು ತಂತಿಯ ಕೆಳಗೆ ಅದಕ್ಕಿಂತ ತುಸು ಕಡಿಮೆ ಇದ್ದರೆ ಹದ. ನನ್ನದರಲ್ಲಿ ಹತ್ತಿರ ಹತ್ತಿರ ಅದರ ಎರಡರಷ್ಟಿತ್ತು. "ಇದನ್ನು ಒತ್ತಿ ಇಷ್ಟು ವರ್ಷ ನುಡಿಸಿದ್ದೀರಲ್ಲ, ನಿಮ್ಮ ಬೆರಳಿಗೆ ಶಕ್ತಿ ಸಾಲದು ಎಂದು ಯಾರು ಹೇಳಿದರು?" ಎಂದು ನಕ್ಕರು.

ಬಳಿಕ ಎಫ್ ಹಿಡಿಯಲು ಹೇಳಿದರು. ಎಂದಿನಂತೆ ಅರ್ಧ ತಂತಿಗಳು ಸತ್ತವು. ಅದೇ ಆಕಾರವನ್ನು ಐದನೆಯ ಫ್ರೆಟ್‌ಗೆ ಜಾರಿಸಿ ಹಿಡಿಯಲು ಹೇಳಿದರು. ಅಲ್ಲಿ ಅದು ಎ ಕಾರ್ಡ್ ಆಗುತ್ತದೆ. ಪೂರ್ತಿ ಅಲ್ಲದಿದ್ದರೂ ಬಹುಪಾಲು ತಂತಿಗಳು ನುಡಿದವು. ಕೈ ಅದೇ, ಆಕಾರ ಅದೇ, ಶಕ್ತಿಯೂ ಅಷ್ಟೇ. ತೊಡಕಿದ್ದದ್ದು ನಟ್‌ನಲ್ಲಿ, ಅಂದರೆ ತಲೆಯ ಬಳಿ ತಂತಿಗಳು ಹಾದುಹೋಗುವ ಆ ಬಿಳಿ ಪಟ್ಟಿಯಲ್ಲಿ. ಅದರ ಗೀರುಗಳು ಆಳ ಸಾಲದೆ ತಂತಿ ಎತ್ತರದಲ್ಲಿ ಕೂತರೆ ಮೊದಲ ಫ್ರೆಟ್‌ನಲ್ಲಿ ಒತ್ತುವುದು ಯಾರಿಗೂ ಕಷ್ಟ. ಮನೆಯಲ್ಲೇ ಪರೀಕ್ಷಿಸಿಕೊಳ್ಳಲು ದಾರಿಯಿದೆ: ಮೊದಲ ಫ್ರೆಟ್‌ಗೆ ಕೇಪೊ ಹಾಕಿ ಅದರ ಮುಂದಿನ ಫ್ರೆಟ್‌ನಲ್ಲಿ ಎಫ್‌ನ ಆಕಾರ ಹಿಡಿಯಿರಿ. ಆಗ ಸಲೀಸಾಗಿ ನುಡಿದರೆ ದೋಷ ನಟ್‌ನದು, ನಿಮ್ಮದಲ್ಲ. ಎಫ್ ಬರುವುದಿಲ್ಲವೆಂದು ಗಿಟಾರನ್ನೇ ಅಟ್ಟಕ್ಕೆ ಹಾಕಿದವರು ನನಗೆ ಗೊತ್ತಿರುವವರಲ್ಲೇ ಕೆಲವರಿದ್ದಾರೆ. ಅವರಿಗೆ ಈ ಮಾತನ್ನು ಯಾರಾದರೂ ಆಗಲೇ ಹೇಳಬೇಕಿತ್ತು.

ವಾದ್ಯ ಹೀಗಾಗಲು ನಮ್ಮ ಮಳೆಯ ಕೊಡುಗೆಯೂ ಇದೆ. ಗಿಟಾರ್ ತಯಾರಕರು ವಾದ್ಯವನ್ನು ಶೇಕಡ 45ರಿಂದ 55ರಷ್ಟು ತೇವಾಂಶದಲ್ಲಿ ಇಡಿ ಎನ್ನುತ್ತಾರೆ. ಜೂನ್‌ನಿಂದ ಸೆಪ್ಟೆಂಬರ್‌ವರೆಗೆ ಕೊಡಗಿನ ಮನೆಯೊಳಗೆ ಬೆಲ್ಟು, ಚಪ್ಪಲಿ, ಮದುವೆಯ ಆಲ್ಬಮ್ ಎಲ್ಲದಕ್ಕೂ ಬೂಷ್ಟು ಹಿಡಿಯುವಾಗ ಆ ಅಂಕಿಗೆ ಅರ್ಥವೇ ಇಲ್ಲ. ಮರ ತೇವ ಕುಡಿದು ಉಬ್ಬುತ್ತದೆ; ಗಿಟಾರಿನ ಮೇಲ್ಹಲಗೆ, ತಂತಿಗಳ ಕೊನೆ ಕಟ್ಟಿರುವ ಬ್ರಿಜ್‌ನ ಹಿಂದೆ ಹೊಟ್ಟೆ ಬಿಟ್ಟು, ಬ್ರಿಜ್‌ನೊಂದಿಗೆ ತಂತಿಗಳೂ ಮೇಲೇಳುತ್ತವೆ. ಫೆಬ್ರವರಿ, ಮಾರ್ಚ್‌ನ ಒಣಹವೆಯಲ್ಲಿ ಇದೆಲ್ಲ ಹಿಮ್ಮುಖವಾಗಿ ನಡೆಯುತ್ತದೆ. ಹಲಗೆ ಕುಗ್ಗಿ, ತಂತಿ ಕೆಳಗಿಳಿದು ಫ್ರೆಟ್‌ಗೆ ತಾಗಿ ಗುಂಯ್‌ಗುಡುತ್ತದೆ. ಒಂದೇ ಗಿಟಾರ್ ಆಟಿಯಲ್ಲಿ, ಅಂದರೆ ಜುಲೈ-ಆಗಸ್ಟ್‌ನ ಮಳೆಯ ತಿಂಗಳಲ್ಲಿ, ಒಂದು ವಾದ್ಯ, ಶಿವರಾತ್ರಿಗೆ ಇನ್ನೊಂದು.

ಮೇಷ್ಟ್ರು ಕುತ್ತಿಗೆಯ ಬಾಗು ಸರಿಪಡಿಸಲು ಅದರೊಳಗಿರುವ ಟ್ರಸ್ ರಾಡ್ ಎಂಬ ಸರಳನ್ನು ಕಾಲು ಸುತ್ತು ಬಿಗಿಮಾಡಿ ಗಿಟಾರನ್ನು ಒಂದು ವಾರ ತಮ್ಮಲ್ಲೇ ಇಟ್ಟುಕೊಂಡರು. ಒಂದೇ ಸಲಕ್ಕೆ ಹೆಚ್ಚು ತಿರುಗಿಸಬಾರದು. ಮರ ಹೊಂದಿಕೊಳ್ಳಲು ಹೊತ್ತು ಬೇಕು. ಆಮೇಲೆ ಬ್ರಿಜ್‌ನ ಮೇಲೆ ತಂತಿ ಕೂರುವ ಸ್ಯಾಡಲನ್ನು ಹೊರತೆಗೆದು ತಳವನ್ನು ಮರಳು ಕಾಗದದ ಮೇಲೆ ಉಜ್ಜಿದರು. ಇಲ್ಲಿ ಒಂದು ಲೆಕ್ಕವಿದೆ. ಹನ್ನೆರಡನೆಯ ಫ್ರೆಟ್ ತಂತಿಯ ಸರಿ ನಡುವೆ ಇರುವುದರಿಂದ ಅಲ್ಲಿ ಒಂದು ಮಿಲಿಮೀಟರ್ ತಗ್ಗಬೇಕಾದರೆ ಸ್ಯಾಡಲಿನಲ್ಲಿ ಎರಡು ಮಿಲಿಮೀಟರ್ ಹೋಗಬೇಕು. ಉಜ್ಜಿದ್ದನ್ನು ಮತ್ತೆ ಅಂಟಿಸಲು ಬರುವುದಿಲ್ಲವಾದ್ದರಿಂದ ಸ್ವಲ್ಪ ಸ್ವಲ್ಪವೇ ಉಜ್ಜಿ ಪ್ರತಿ ಸಲ ತಂತಿ ಕಟ್ಟಿ ನೋಡಿದರು. ನಟ್‌ನ ಗೀರುಗಳಿಗೆ ಸಣ್ಣ ಅರ ಹಾಕಿದರು. ತಂತಿಯ ಸೆಟ್ಟನ್ನೂ ಒಂದು ಮೆಟ್ಟಿಲು ಇಳಿಸಿದರು: ತೆಳು ತಂತಿ 0.012 ಇಂಚು ಇದ್ದದ್ದು 0.011ಕ್ಕೆ.

ಈಗ ಗಿಟಾರ್ ಗಟ್ಟಿ ಪೆಟ್ಟಿಗೆಯಲ್ಲಿ ಸಿಲಿಕಾ ಜೆಲ್ ಪೊಟ್ಟಣಗಳ ಜೊತೆ ಇರುತ್ತದೆ. ನೀಲಿ ಹರಳು ತೇವ ಹೀರಿ ಗುಲಾಬಿಯಾದಾಗ ಬಿಸಿಮಾಡಿದರೆ ಮತ್ತೆ ನೀಲಿಗೆ ತಿರುಗುತ್ತದೆ. ಆ ಬಣ್ಣ ಬರುವುದು ಕೋಬಾಲ್ಟ್‌ನಿಂದ. ಅದು ವಿಷ, ಅಡುಗೆಮನೆಯ ಪಾತ್ರೆ ಮುಟ್ಟಿಸಬಾರದು. ಬೆಚ್ಚಗಿರಲಿ ಎಂದು ಗಿಟಾರನ್ನು ಒಲೆಯ ಹತ್ತಿರ ನೇತುಹಾಕುವುದು ಇನ್ನೂ ಕೆಟ್ಟದ್ದು, ಅಂಟು ಬಿಡುತ್ತದೆ. ನುಡಿಸಿದ ಮೇಲೆ ಪ್ರತಿ ತಂತಿಯನ್ನೂ ಬಟ್ಟೆಯಿಂದ ಒರೆಸಬೇಕು. ಒರೆಸದಿದ್ದರೆ ಆಟಿಯ ತಿಂಗಳು ಮುಗಿಯುವ ಮೊದಲೇ ತಂತಿ ತುಕ್ಕು ಹಿಡಿದು ಬೆರಳಿಗೆ ಕಪ್ಪು ಮೆತ್ತುತ್ತದೆ.

ಆ ವಾರ ಗಮನಿಸಿದ ಇನ್ನೊಂದು ಸಂಗತಿ ಪಾಠಕ್ಕೆ ಸೇರಿದ್ದಲ್ಲ, ಆದರೂ ಬರೆಯಬೇಕೆನಿಸುತ್ತಿದೆ. ನನ್ನ ಗಿಟಾರಿನಲ್ಲಿ ಬೆರಳು ಓಡಾಡುವ ಪಟ್ಟಿ ಬೀಟೆಮರದ್ದು. ನಮ್ಮ ಬೀಟೆಗೆ ಜಗತ್ತಿನ ಗಿಟಾರ್ ತಯಾರಕರಲ್ಲಿ ದೊಡ್ಡ ಬೇಡಿಕೆ. ಪಕ್ಕದ ಮತ್ತು ಹಿಂದಿನ ಹಲಗೆಗೂ ಅದನ್ನು ಬಳಸುತ್ತಾರೆ. 2017ರ ಜನವರಿಯಲ್ಲಿ ಬೀಟೆಯ ಇಡೀ ಕುಲ ಅಂತರರಾಷ್ಟ್ರೀಯ ವ್ಯಾಪಾರ ನಿಯಂತ್ರಣದ ಪಟ್ಟಿಗೆ ಸೇರಿ, ಗಿಟಾರನ್ನು ಗಡಿ ದಾಟಿಸಿ ಮಾರಲೂ ಕಾಗದಪತ್ರ ಬೇಕಾಯಿತು. ಸಿದ್ಧ ಸಂಗೀತ ವಾದ್ಯಗಳಿಗೆ 2019ರ ಕೊನೆಯಲ್ಲಿ ವಿನಾಯಿತಿ ಸಿಕ್ಕಿತು. ತೋಟದ ಬೇಲಿಯ ಬಳಿ ನಿಂತಿರುವ ಬೀಟೆಯ ಕೊಂಬೆ ಮುಟ್ಟಲೂ ಅರಣ್ಯ ಇಲಾಖೆಯನ್ನು ನೆನೆಯುವ ನಾನು ಅದೇ ಮರದ ಚೂರನ್ನು ಅಷ್ಟು ವರ್ಷ ಉಗುರಿನಿಂದ ಕೆರೆಯುತ್ತಿದ್ದೆ.

ಗಿಟಾರ್ ಕೈಗೆ ಬಂದ ಮೇಲೆ ಮೇಷ್ಟ್ರು ನನ್ನ ಹಾಡು ಕೇಳಿದರು. ಕೇಳಿದ್ದಕ್ಕಿಂತ ಮೊಬೈಲಿನಲ್ಲಿ ಮುದ್ರಿಸಿಕೊಂಡರು ಎನ್ನಬೇಕು. ಆಮೇಲೆ ಅದಕ್ಕೆ ಲಯ ಎಣಿಸುವ ಮೆಟ್ರೊನೋಮಿನ ಟಿಕ್ ಟಿಕ್ ಸೇರಿಸಿ ಕೇಳಿಸಿದರು. ಅಕ್ಕ ಹೇಳಿದ್ದು ಅಕ್ಷರಶಃ ಅಲ್ಲಿತ್ತು. ಪ್ರತಿ ಕಾರ್ಡ್ ಬದಲಾಗುವ ಮುನ್ನ ಬಲಗೈ ಕ್ಷಣಕಾಲ ನಿಂತು ಎಡಗೈಗಾಗಿ ಕಾಯುತ್ತಿತ್ತು. ಎಡಗೈ ತಲುಪಿದ ಮೇಲೆ, ಕಳೆದುಕೊಂಡ ಹೊತ್ತನ್ನು ತುಂಬಿಕೊಳ್ಳಲು ಮುಂದಿನ ಎರಡು ಮೂರು ಏಟುಗಳನ್ನು ಒಟ್ಟೊಟ್ಟಿಗೆ ಹೊಡೆಯುತ್ತಿತ್ತು. "ಎಡಗೈ ತಡವಾದರೆ ಒಂದು ಸ್ವರ ಕೆಡುತ್ತದೆ. ಬಲಗೈ ನಿಂತರೆ ಹಾಡೇ ಕೆಡುತ್ತದೆ. ಕೇಳುವವರು ಮೊದಲನೆಯದನ್ನು ಕ್ಷಮಿಸುತ್ತಾರೆ" ಎಂದರು.

ಮುಂದಿನ ಪಾಠಗಳಲ್ಲಿ ಎಡಗೈಗೆ ಕೆಲಸವೇ ಇರಲಿಲ್ಲ. ಅದನ್ನು ತಂತಿಗಳ ಮೇಲೆ ಹಗುರಾಗಿ ಚಾಚಿಟ್ಟು ಸ್ವರ ಸತ್ತಂತೆ ಮಾಡಿ, ಬಲಗೈಯಿಂದ ಬರೀ ಚಕ್ ಚಕ್ ಸದ್ದು ಹೊರಡಿಸಬೇಕು. ನಿಮಿಷಕ್ಕೆ 60 ಟಿಕ್. ಪ್ರತಿ ಟಿಕ್‌ಗೆ ಕೈ ಕೆಳಗೆ, ಎರಡು ಟಿಕ್‌ಗಳ ನಡುವೆ ಮೇಲೆ. ಕೈಯಲ್ಲಿ ಹಿಡಿದು ಮೀಟುವ ಪಿಕ್ ತಂತಿಗೆ ತಾಗಲಿ ಬಿಡಲಿ, ಕೈಯ ಏರಿಳಿತ ನಿಲ್ಲುವಂತಿಲ್ಲ. ಒಂದು ಏಟನ್ನು ಬಿಡಬೇಕೆಂದರೆ ಕೈ ಅದೇ ದಾರಿಯಲ್ಲಿ ಗಾಳಿಯಲ್ಲಿ ಹಾದುಹೋಗುತ್ತದೆ, ಅಷ್ಟೇ. ಹಾಡುಗಳ ಸ್ಟ್ರಮ್ಮಿಂಗ್ ಮಾದರಿ ಎಂದು ಮೇಲೆ, ಕೆಳಗೆ ಬಾಣ ಬರೆದು ಬಾಯಿಪಾಠ ಮಾಡಿಸುವ ಪದ್ಧತಿಗೆ ಅವರು ಒಲಿದವರಲ್ಲ. ಕೈ ನಿಲ್ಲದೆ ಓಡಾಡುತ್ತಿದ್ದರೆ ಯಾವ ಮಾದರಿಯೂ ಅದರೊಳಗಿಂದಲೇ ಹುಟ್ಟುತ್ತದೆ ಎನ್ನುವುದು ಅವರ ವಾದ. ನಾನು ಅದನ್ನು ಒಪ್ಪಲು ಸ್ವಲ್ಪ ಕಾಲ ಹಿಡಿಯಿತು, ಏಕೆಂದರೆ ಇದು ಅತ್ಯಂತ ಬೇಸರದ ಅಭ್ಯಾಸ. ಮಗಳು ಬಂದು "ಅಪ್ಪಾ, ಗಿಟಾರ್ ಕೆಟ್ಟಿದೆಯಾ?" ಎಂದು ಕೇಳಿ ಹೋದಳು.

ಅದು ಪಳಗಿದ ಮೇಲೆ ಎಡಗೈ ಸೇರಿತು, ಒಂದು ಕಟ್ಟುನಿಟ್ಟಿನೊಂದಿಗೆ: ಮುಂದಿನ ಕಾರ್ಡ್ ತಲುಪದಿದ್ದರೂ ಬಲಗೈ ನಿಲ್ಲಬಾರದು. ಬೆರಳು ಗಾಳಿಯಲ್ಲಿದ್ದರೆ ಬಿಡು ತಂತಿಗಳೇ ನುಡಿಯಲಿ. ಕೇಳಲು ಅಪಸ್ವರ, ಆದರೆ ತಾಳ ತಪ್ಪುವುದಿಲ್ಲ. ವಿಚಿತ್ರವೆಂದರೆ, ಬಲಗೈ ಕಾಯುವುದನ್ನು ಬಿಟ್ಟ ಮೇಲೆ ಎಡಗೈ ತಾನಾಗಿ ಬೇಗ ತಲುಪತೊಡಗಿತು. ಕಾಯುವವರಿದ್ದಾಗ ಯಾರು ಓಡುತ್ತಾರೆ?

ಇಲ್ಲಿ ನನ್ನ ಬಾಲ್ಯದ ಒಂದು ಸಾಮಾನು ಉಪಯೋಗಕ್ಕೆ ಬಂತು. ಶಾಲೆಗೆ ಹೋಗುತ್ತಿದ್ದಾಗ ಕೆಲವು ವರ್ಷ ಕರ್ನಾಟಕ ಸಂಗೀತಕ್ಕೆ ಹೋಗಿದ್ದೆ. ಸರಳೆ ವರಸೆ, ಜಂಟಿ ವರಸೆ ಮುಗಿದು ಅಲಂಕಾರಕ್ಕೆ ಬರುವ ಹೊತ್ತಿಗೆ ಕ್ರಿಕೆಟ್ ಗೆದ್ದಿತು. ಮೆಟ್ರೊನೋಮಿನ ವೇಗವನ್ನು ದಿನಕ್ಕಿಷ್ಟು ಏರಿಸುತ್ತ ಹೋಗುವುದು ಗಿಟಾರ್ ಕಲಿಯುವವರ ವಾಡಿಕೆ. ನಮ್ಮಲ್ಲಿ ತಾಳ ಬದಲಾಗುವುದಿಲ್ಲ. ಅದೇ ತಾಳದಲ್ಲಿ ಒಂದನೆಯ ಕಾಲ, ಎರಡನೆಯ ಕಾಲ, ಮೂರನೆಯ ಕಾಲ ಎಂದು ಪ್ರತಿ ಎಣಿಕೆಗೆ ಒಂದು, ಎರಡು, ನಾಲ್ಕು ಸ್ವರ ಹಾಡುತ್ತೇವೆ. ಟಿಕ್ ಅನ್ನು 50ಕ್ಕೇ ಬಿಟ್ಟು ಗಿಟಾರಿನಲ್ಲಿ ಇದನ್ನೇ ನುಡಿಸಿ ತೋರಿಸಿದೆ. ವೇಗ ಏರಿಸಿದಾಗ ಕಾಣದ ಒಂದು ದೋಷ ಇದರಲ್ಲಿ ಕಾಣುತ್ತದೆ: ಒಂದನೆಯ ಕಾಲದಲ್ಲಿ ಎರಡು ಟಿಕ್‌ಗಳ ನಡುವೆ ಇರುವ ದೊಡ್ಡ ಖಾಲಿ ಜಾಗದಲ್ಲಿ ತಾಳ್ಮೆ ಇಲ್ಲದವನು ಮುಂದೆ ಹೋಗಿಬಿಡುತ್ತಾನೆ. ನಿಧಾನವಾಗಿ ನುಡಿಸುವುದು ವೇಗವಾಗಿ ನುಡಿಸುವುದಕ್ಕಿಂತ ಕಷ್ಟ ಎಂದು ಬೆರಳಿಗೆ ಗೊತ್ತಾಗುವುದು ಆಗಲೇ. ಮೇಷ್ಟ್ರು ಗಮನವಿಟ್ಟು ಕೇಳಿ, "ಇದನ್ನು ನನಗೂ ಬರೆದುಕೊಡಿ. ಮಕ್ಕಳಿಗೆ ಹೇಳಿಕೊಡುತ್ತೇನೆ" ಎಂದರು.

ಸರಳೆ ವರಸೆಯನ್ನು ಒಂದೇ ತಂತಿಯ ಮೇಲೆ ನುಡಿಸಲು ಹೇಳಿದ್ದೂ ಅವರೇ. ಬಿಡು ತಂತಿ ಷಡ್ಜವಾದರೆ ಮಾಯಾಮಾಳವಗೌಳ ರಾಗದ ಸ್ವರಗಳು 1, 4, 5, 7, 8, 11 ಮತ್ತು 12ನೆಯ ಫ್ರೆಟ್‌ಗಳಲ್ಲಿ ಸಿಗುತ್ತವೆ. ಹನ್ನೆರಡರಲ್ಲಿ ತಂತಿ ಸರಿ ಅರ್ಧವಾಗಿ ಮೇಲಿನ ಷಡ್ಜ. ಪಾಶ್ಚಾತ್ಯರು ಮೇಜರ್ ಸ್ಕೇಲ್ ಎನ್ನುವುದು ನಮ್ಮ ಶಂಕರಾಭರಣ: 2, 4, 5, 7, 9, 11, 12. ಅದರಲ್ಲಿ ಮಧ್ಯಮ, ನಿಷಾದ ಬಿಟ್ಟರೆ ಮೋಹನ: 2, 4, 7, 9, 12. ಪೆಟ್ಟಿಗೆಯಾಕಾರದ ಚಿತ್ರಗಳನ್ನು ನೋಡಿ ಸ್ಕೇಲ್ ಕಲಿಯಲು ಹಲವು ಸಲ ಹೊರಟು ಬಿಟ್ಟಿದ್ದೆ. ಒಂದೇ ತಂತಿಯ ಮೇಲೆ ಸ್ವರದ ಹೆಸರು ಬಾಯಲ್ಲಿ ಹೇಳಿಕೊಂಡು ಹೋದಾಗ ಸ್ವರಗಳ ನಡುವಿನ ಅಂತರ ಕಣ್ಣಿಗೆ ಕಂಡಿತು. ಸಂಗೀತ ಪಾಠಕ್ಕೆ ಒಂದಿಷ್ಟಾದರೂ ಹೋದವರು ಗಿಟಾರ್ ಕಲಿಯುವಾಗ ಅದನ್ನು ಮರೆತವರಂತೆ ಏಕೆ ಕೂರುತ್ತಾರೋ ನನಗೆ ತಿಳಿಯದು.

ಎಡಗೈಯ ಪಾಠ ಚಿಕ್ಕದು. ಬೆರಳನ್ನು ಫ್ರೆಟ್‌ನ ಬೆನ್ನಿಗೇ, ಅದಕ್ಕೆ ಅಂಟಿದಂತೆ ಇಡಬೇಕು. ತಂತಿಯ ಮೇಲೆ ಬೆರಳನ್ನು ಬರೀ ತಾಗಿಸಿ ಮೀಟುತ್ತ, ಸ್ವರ ಸ್ವಚ್ಛವಾಗುವವರೆಗೆ ಮಾತ್ರ ಒತ್ತಡ ಏರಿಸಿ ಅಲ್ಲೇ ನಿಲ್ಲಿಸಬೇಕು. ನಾನು ಹಾಕುತ್ತಿದ್ದ ಬಲದ ಅರ್ಧವೂ ಬೇಕಿರಲಿಲ್ಲ. ಕತ್ತಿ ಹಿಡಿದು ಜಡ್ಡುಗಟ್ಟಿದ ಅಂಗೈ ಇದಕ್ಕೆ ಉಪಯೋಗವಿಲ್ಲ, ಜಡ್ಡು ಬೇಕಾದದ್ದು ಬೆರಳ ತುದಿಗೆ. ಸಿ ಇಂದ ಎ ಮೈನರ್‌ಗೆ ಹೋಗುವಾಗ ತೋರುಬೆರಳೂ ನಡುಬೆರಳೂ ಇದ್ದಲ್ಲೇ ಇರುತ್ತವೆ, ಉಂಗುರದ ಬೆರಳೊಂದೇ ಐದನೆಯ ತಂತಿಯಿಂದ ಮೂರನೆಯದಕ್ಕೆ ಹಾರುತ್ತದೆ (ತೆಳು ತಂತಿ ಒಂದನೆಯದು, ದಪ್ಪ ತಂತಿ ಆರನೆಯದು). ನಾನು ಮೂರನ್ನೂ ಎತ್ತಿ ಮತ್ತೆ ಇಡುತ್ತಿದ್ದೆ. ಇನ್ನು ಎಫ್: ತೋರುಬೆರಳು ಆರು ತಂತಿಗಳ ಮೇಲೂ ಮಲಗಿರುತ್ತದೆ ನಿಜ, ಆದರೆ ಐದು, ನಾಲ್ಕು, ಮೂರನೆಯ ತಂತಿಗಳನ್ನು ಉಳಿದ ಬೆರಳುಗಳು ಒತ್ತುತ್ತವೆ. ತೋರುಬೆರಳು ನಿಜವಾಗಿ ಒತ್ತಬೇಕಾದದ್ದು ಒಂದು, ಎರಡು ಮತ್ತು ಆರನ್ನು ಮಾತ್ರ. ಬೆರಳನ್ನು ತುಸು ಹೊರಮಗ್ಗುಲಿಗೆ ಉರುಳಿಸಿದರೆ ಮೆತ್ತನೆಯ ಭಾಗ ತಪ್ಪಿ ಮೂಳೆಯ ಕಡೆ ತಂತಿಗೆ ಸಿಗುತ್ತದೆ. ಇದನ್ನು ತಿಳಿದ ದಿನ ಎಫ್ ಬಂತು ಎಂದಲ್ಲ. ಬರಬಹುದೆಂಬ ಧೈರ್ಯ ಬಂತು.

ಆ ವರ್ಷದ ಮಳೆಗಾಲವೂ ಪಾಠ ಹೇಳಿತು. ಗಾಳಿಗೆ ಮರ ಬಿದ್ದು ಕಂಬ ಮುರಿದರೆ ನಮ್ಮ ಕಡೆ ಕರೆಂಟ್ ಬರುವುದು ಯಾವಾಗ ಎಂದು ಕೇಳುವಂತಿಲ್ಲ. ಇನ್ವರ್ಟರ್ ಕೈಕೊಟ್ಟ ಮೇಲೆ ಕತ್ತಲಲ್ಲೇ ಗಿಟಾರ್ ಹಿಡಿದು ಕೂರುತ್ತಿದ್ದೆ. ಎಡಗೈ ಕಾಣುವುದಿಲ್ಲ, ಆರಂಭದಲ್ಲಿ ಬೆರಳು ಪಕ್ಕದ ತಂತಿಗೆ, ಪಕ್ಕದ ಫ್ರೆಟ್‌ಗೆ ಹೋಗುತ್ತಿತ್ತು. ಕ್ರಮೇಣ ಹೆಬ್ಬೆರಳು ಕುತ್ತಿಗೆಯ ಹಿಂದೆ ಎಲ್ಲಿದೆ ಎಂಬುದೇ ಗುರುತಾಗತೊಡಗಿತು. ಆದರೆ ಜುಲೈ ತಿಂಗಳ ಮಳೆ ಶೀಟಿನ ಮೇಲೆ ಬೀಳತೊಡಗಿದರೆ ಗಿಟಾರಿನ ಸದ್ದು ನುಡಿಸುವವನಿಗೇ ಕೇಳುವುದಿಲ್ಲ. ಅಂಥ ರಾತ್ರಿಗಳಲ್ಲಿ ಆ ಚಕ್ ಚಕ್ ಅಭ್ಯಾಸಕ್ಕೆ ಮರಳುತ್ತಿದ್ದೆ. ಕಿವಿಗೆ ಕೆಲಸವಿಲ್ಲ, ಮೊಣಕೈ ಲೆಕ್ಕ ಇಟ್ಟುಕೊಳ್ಳುತ್ತದೆ.

ಶ್ರುತಿ ಮಾಡುವ ವಿಚಾರಕ್ಕೆ ಬರುತ್ತೇನೆ. ಮೊಬೈಲಿನ ಟ್ಯೂನರಿನಲ್ಲಿ ಹಸಿರು ದೀಪ ಬಂದರೆ ಮುಗಿಯಿತು ಎಂಬ ಅಭ್ಯಾಸವನ್ನು ಮೇಷ್ಟ್ರು ಬಿಡಿಸಿದರು. ದಪ್ಪ ತಂತಿ ಒಂದನ್ನು ಮಾತ್ರ ಟ್ಯೂನರಿಗೆ ಹೊಂದಿಸಿಕೊಂಡು, ಐದನೆಯ ಫ್ರೆಟ್‌ನಲ್ಲಿ ಒತ್ತಿ ಮುಂದಿನ ಬಿಡು ತಂತಿಗೆ ಕೂಡಿಸುತ್ತ ಹೋಗಬೇಕು. ಮೂರನೆಯ ತಂತಿಯಿಂದ ಎರಡನೆಯದಕ್ಕೆ ಮಾತ್ರ ನಾಲ್ಕನೆಯ ಫ್ರೆಟ್. ಎರಡು ತಂತಿಗಳು ಒಂದಕ್ಕೊಂದು ಹತ್ತಿರ ಬಂದಂತೆ ಸದ್ದಿನಲ್ಲಿ ಒಂದು ಅಲೆ ಏಳುತ್ತದೆ. ಇನ್ನೂ ಹತ್ತಿರವಾದಂತೆ ಅಲೆ ನಿಧಾನವಾಗಿ, ಕೂಡಿದಾಗ ನಿಲ್ಲುತ್ತದೆ. ತಂಬೂರಿ ಕೇಳಿ ಬೆಳೆದವರಿಗೆ ಇದು ಬೇಗ ಹಿಡಿಯುತ್ತದೆ. ಒಟ್ಟು ಎರಡು ಸ್ಥಾಯಿಯ ದೂರ: ದಪ್ಪ ತಂತಿ ಸೆಕೆಂಡಿಗೆ ಸುಮಾರು 82 ಸಲ ಕಂಪಿಸಿದರೆ ತೆಳು ತಂತಿ ಸುಮಾರು 330 ಸಲ.

ಇಲ್ಲಿ ನನ್ನನ್ನು ಬಹಳ ದಿನ ಕಾಡಿದ ತಕರಾರು ಒಂದಿತ್ತು. ಒಂದು ಕಾರ್ಡ್ ಕಿವಿಗೆ ಇಂಪಾಗುವಂತೆ ತಂತಿ ತಿರುಗಿಸಿದರೆ ಇನ್ನೊಂದು ಕೆಡುತ್ತಿತ್ತು. ಕಾರಣ ಗಾಂಧಾರದಲ್ಲಿದೆ. ತಂಬೂರಿಯೊಳಗಿಂದ ತಾನಾಗಿ ಕೇಳಿಬರುವ ಅಂತರ ಗಾಂಧಾರಕ್ಕಿಂತ ಗಿಟಾರಿನ ಗಾಂಧಾರ ಸುಮಾರು 14 ಸೆಂಟ್ ಮೇಲಿದೆ. ಒಂದು ಫ್ರೆಟ್‌ನ ದೂರ 100 ಸೆಂಟ್ ಎಂದು ಲೆಕ್ಕ. ಸ್ಥಾಯಿಯನ್ನು ಹನ್ನೆರಡು ಸಮಪಾಲು ಮಾಡಿ ಫ್ರೆಟ್ ಹಾಕಿದ್ದರಿಂದ ಎಲ್ಲ ಕಾರ್ಡ್‌ಗಳೂ ಸ್ವಲ್ಪ ಸ್ವಲ್ಪ ರಾಜಿಯಾಗಿವೆ, ಯಾವುದೂ ಪೂರ್ತಿ ಕೆಟ್ಟಿಲ್ಲ. ಅಕ್ಕನಿಗೆ ಇದನ್ನು ವಿವರಿಸಿದಾಗ, "ಅದಕ್ಕೇ ನಾನು ಅಲ್ಲಿ ಎಳೆದು ಹಾಡಿದರೆ ನಿನ್ನ ವಾದ್ಯ ಮೊಂಡುತನ ಮಾಡುವುದು" ಎಂದಳು. ಅವಳು ನೀಳವಾಗಿ ಗಾಂಧಾರದಲ್ಲಿ ನಿಲ್ಲುವ ಕಡೆಗಳಲ್ಲಿ ನಾನೀಗ ಆ ಸ್ವರವಿರುವ ತಂತಿಯನ್ನು ಮೀಟದೆ ಬಿಡುತ್ತೇನೆ. ಮೇಷ್ಟ್ರು ಹೇಳಿದ್ದಲ್ಲ, ಇಬ್ಬರೂ ಸೇರಿ ಕಂಡುಕೊಂಡದ್ದು.

ಅವಳ ಹಾಡುಗಳಲ್ಲಿ ಹಲವು ದಾದ್ರಾದಲ್ಲಿವೆ, ಆರು ಮಾತ್ರೆ. ಮದುವೆ ಮನೆಯ ವಾಲಗಕ್ಕೆ ಹೆಜ್ಜೆ ಹಾಕಿ ಬೆಳೆದ ನಮಗೆ ಮೂರು ಮೂರರ ಆ ತೂಗಾಟ ಕಾಲಲ್ಲೇ ಇದೆ. ಗಿಟಾರಿನಲ್ಲಿ ಮಾತ್ರ ಒಂದು ಪೇಚು. ಕೈ ಕೆಳಗೆ, ಮೇಲೆ ಎಂದು ಬಿಡದೆ ಓಡಾಡಿದರೆ ಒಂದನೆಯ ಮಾತ್ರೆ ಕೆಳಗಿನ ಏಟಿಗೆ ಬೀಳುತ್ತದೆ, ಎರಡನೆಯ ಒತ್ತು ಬೀಳಬೇಕಾದ ನಾಲ್ಕನೆಯ ಮಾತ್ರೆ ಮೇಲಿನ ಏಟಿಗೆ. ಮೇಲಿನ ಏಟು ಸ್ವಭಾವತಃ ದುರ್ಬಲ, ತೆಳು ತಂತಿಗಳನ್ನಷ್ಟೇ ಸವರಿ ಹೋಗುತ್ತದೆ. ನಾನು ನಾಲ್ಕನೆಯದನ್ನೂ ಕೆಳಗೇ ಹೊಡೆಯಲು ಕೈಯನ್ನು ತುಂಡರಿಸುತ್ತಿದ್ದೆ, ಹಾಡು ಅಲ್ಲಿ ಎಡವುತ್ತಿತ್ತು. ಮೇಲಿನ ಏಟಿಗೆ ತೂಕ ಕೊಡುವುದನ್ನು ಬೇರೆಯೇ ಪಾಠವಾಗಿ ಅಭ್ಯಾಸ ಮಾಡಬೇಕಾಯಿತು. ಮಣಿಕಟ್ಟು ಸಡಿಲ, ಪಿಕ್‌ನ ತುದಿ ಸ್ವಲ್ಪವೇ ಹೊರಗೆ, ಒತ್ತು ಮೊಣಕೈಯಿಂದ. ಗೌರಿ-ಗಣೇಶದ ಹೊತ್ತಿಗೆ ಅದು ಬಂತು. ವಿರಾಜಪೇಟೆಯ ಪೆಂಡಾಲೊಂದರಲ್ಲಿ ಎರಡನೆಯ ಫ್ರೆಟ್‌ಗೆ ಕೇಪೊ ಹಾಕಿ, ಜಿಯ ಆಕಾರದಿಂದ ಅವಳ ಶ್ರುತಿಯಾದ ಎ ತಲುಪಿ, ಮೂರು ಹಾಡು ನುಡಿಸಿದೆ. ಇಳಿದು ಬಂದ ಮೇಲೆ ಅಕ್ಕ ನನ್ನ ಬಗ್ಗೆ ಏನೂ ಹೇಳಲಿಲ್ಲ, ಮೈಕಿನವನನ್ನು ಬೈಯುತ್ತಿದ್ದಳು. ಅಷ್ಟು ಸಾಕಿತ್ತು.

ಈಚೆಗೆ ಮೇಷ್ಟ್ರು ಪಿಕ್ ಕಸಿದುಕೊಂಡಿದ್ದಾರೆ. ಹೆಬ್ಬೆರಳು ದಪ್ಪ ತಂತಿಗಳಲ್ಲಿ ಗಡಿಯಾರದ ಹಾಗೆ ಒಂದು ಬಿಟ್ಟು ಒಂದು ನಡೆಯಬೇಕು: ಸಿ ಹಿಡಿದಾಗ ಐದನೆಯ ತಂತಿ, ನಾಲ್ಕನೆಯದು, ಜಿ ಹಿಡಿದಾಗ ಆರನೆಯದು, ನಾಲ್ಕನೆಯದು. ಉಳಿದ ಮೂರು ಬೆರಳುಗಳು ತೆಳು ತಂತಿಗಳಲ್ಲಿ ತಮ್ಮ ಪಾಡಿಗೆ. ಹೆಬ್ಬೆರಳೊಂದೇ ಇದ್ದರೆ ನಡೆಯುತ್ತದೆ, ತೋರುಬೆರಳು ಸೇರಿದ ಕೂಡಲೇ ಎರಡೂ ನಿಲ್ಲುತ್ತವೆ. ರೊಬಸ್ಟಾ ಕೊಯ್ಲು ಶುರುವಾಗಿದೆ. ಸಂಜೆ ಕಾಫಿ ಚೀಲಗಳ ಲೆಕ್ಕ, ಆಳುಗಳ ಬಟವಾಡೆ ಮುಗಿಸಿ ಕೂತರೆ ಕೈಯಲ್ಲಿ ಜೀವ ಇರುವುದಿಲ್ಲ. ಕೊಯ್ಲು ಮುಗಿಯುವವರೆಗೆ ಹೊಸ ಪಾಠ ಬೇಡ ಸರ್ ಎಂದು ಕಳೆದ ಶನಿವಾರ ಹೇಳಿದೆ.

"ಹೊಸ ಪಾಠ ಕೊಡುತ್ತೇನೆಂದು ಯಾರು ಹೇಳಿದರು?" ಎಂದರು.